ನಾಲಿಗೆಗೆ ನೆಂಟರಿಲ್ಲ

ಮೊನ್ನೆ ಇಗರ್ಜಿಯಲ್ಲಿ ಅವರ ಮರಣದ ಪೂಜೆ ನಡೆಯುತ್ತಿದ್ದಾಗ ಪಾದ್ರಿಗಳು, "ಜೀವಮಾನವಿಡೀ ಸತ್ಯವನ್ನೇ ನುಡಿದ ಮನುಷ್ಯ" ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದವಳು ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದಳು. ಅಳಲಿಕ್ಕೆ ನನಗೇನಾಗಿತ್ತು? ಆ ಮನುಷ್ಯ ಸತ್ಯ ಹೇಳಿ ಹೇಳಿಯೇ ನಮ್ಮ ಊರಿನ ಅರ್ಧ ಹೆಂಗಸರನ್ನು ಅಳಿಸಿದವರು. ಬದುಕಿನಲ್ಲಿ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವೆಂದರೆ ಸುಳ್ಳು ಹೇಳಿದ್ದು. ಅದು ಪಾದ್ರಿಗಳಿಗೆ ಗೊತ್ತಿಲ್ಲ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಅವರು ಸತ್ತವರನ್ನೂ ಬಿಟ್ಟವರಲ್ಲ, ಹಾಗಾಗಿ ನನಗೂ ಸಂಕೋಚವಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ತುಳು ಮಾತಾಡುವವರು ನಮ್ಮ ಕ್ರಿಶ್ಚಿಯನ್ ಗಂಡಸರನ್ನೆಲ್ಲ ಪೊರ್ಬುಗಳು, ಹೆಂಗಸರನ್ನೆಲ್ಲ ಬಾಯಿ ಎಂದೇ ಕರೆಯುವುದು. ಆದರೆ ಸೀತಾಂಗೋಳಿಯ ಜಂಕ್ಷನಿನಲ್ಲಿ ನಿಂತು ಬರೀ "ಪೊರ್ಬುಗಳ ಮನೆ ಎಲ್ಲಿ" ಎಂದು ಕೇಳಿದರೆ ಎಲ್ಲರೂ ಅವರ ಮನೆಯ ಕಡೆಗೇ ಕೈ ತೋರಿಸುತ್ತಿದ್ದರು. ತೋರಿಸುವಾಗ ಸ್ವಲ್ಪ ಮುಖ ಹುಳಿ ಮಾಡಿಕೊಳ್ಳುತ್ತಿದ್ದರು.

ಒಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಡಗೈಯ ಮೇಲೆ ಮಡಚಿ ಹಾಕಿದ ಬಿಳಿ ಟವೆಲು. ಪ್ರಯಾಣಿಕರ ದೊಡ್ಡ ಹಡಗಿನಲ್ಲಿ ಸಾಹೇಬರ ಮೇಜಿಗೆ ವೈನ್ ಬಡಿಸುವ ಕೆಲಸದಲ್ಲಿದ್ದವರು. ಹಡಗು ಬಿಟ್ಟು ಊರಿಗೆ ಬಂದು ನೆಲೆಸಿದರೂ ಟವೆಲು ಬಿಡಲಿಲ್ಲ. ಮೀನಿನ ಗಾಡಿಯ ಮುಂದೆಯೂ ಹಾಗೆಯೇ ನಿಲ್ಲುತ್ತಿದ್ದರು, ಬಂಗುಡೆ ಕೊಳ್ಳಲು ಬಂದವರೋ ಬಂಗುಡೆಗೆ ಬಡಿಸಲು ಬಂದವರೋ ತಿಳಿಯುತ್ತಿರಲಿಲ್ಲ. ಅವರು ಒಂದು ಬಂಗುಡೆಯ ಕಿವಿರು ಎತ್ತಿ ಮೂಸಿ "ನಿನ್ನೆಯದ್ದು" ಎಂದರೆಂದರೆ ಹಿಂದೆ ನಿಂತವರೆಲ್ಲ ಚೀಲ ಮಡಚಿಕೊಂಡು ಮನೆಗೆ ಹೋಗುತ್ತಿದ್ದರು. ಮೀನಿನವನು ಅವರು ಬರುವುದು ಕಂಡರೆ ಹಾರ್ನ್ ಹೊಡೆಯದೆ ಗಾಡಿ ಓಡಿಸುತ್ತಿದ್ದ.

ಅವರ ಉಗುಳುವಿಕೆಯ ಬಗ್ಗೆ ಹೇಳಲೇಬೇಕು. ಯಾರ ಮನೆಯಲ್ಲಿ ಏನೇ ಕುಡಿಯಲು ಕೊಟ್ಟರೂ ಮೊದಲು ಬೆಳಕಿಗೆ ಹಿಡಿದು ನೋಡುವುದು, ಮೂಸುವುದು, ಒಂದು ಗುಟುಕು ಬಾಯಿಗೆ ಹಾಕಿ ಗಲ್ಲ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ಉಬ್ಬಿಸುವುದು, ಕಡೆಗೆ ಅಂಗಳಕ್ಕೆ ಹೋಗಿ ಉಗುಳಿ ಬಂದು ಟವೆಲಿನ ತುದಿಯಿಂದ ತುಟಿ ಒರೆಸಿಕೊಳ್ಳುವುದು. ಹಡಗಿನಲ್ಲಿ ಹಾಗೆಯೇ ಅಭ್ಯಾಸವಂತೆ. ಇರಬಹುದು. ಆದರೆ ಬಿಸಿಲಿನಲ್ಲಿ ಬಂದವರಿಗೆ ನೀವು ಪ್ರೀತಿಯಿಂದ ಲಿಂಬೆ ಶರಬತ್ತು ಮಾಡಿ ಕೊಟ್ಟು, ಅದನ್ನು ಅವರು ನಿಮ್ಮ ಕರಿಬೇವಿನ ಬುಡಕ್ಕೆ ಉಗುಳುವುದನ್ನು ನಿಂತು ನೋಡಬೇಕು. ಆಗ ಗೊತ್ತಾಗುತ್ತದೆ.

"ನಾಲಿಗೆಗೆ ನೆಂಟರಿಲ್ಲ" ಎನ್ನುವುದು ಅವರ ಮಾತು. ಎಲ್ಲರಿಗೂ ಹೇಳುತ್ತಿದ್ದರು, ಎಲ್ಲಿ ಬೇಕಾದರೂ ಹೇಳುತ್ತಿದ್ದರು. ನಮ್ಮವರ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಎಂಬ ಶಾಸ್ತ್ರವಿದೆ. ಒಂದು ಮನೆಯ ರೋಸಿನಲ್ಲಿ ಇವರ ಸರದಿ ಬಂದಾಗ ಹುಡುಗಿಯ ಹಣೆಗೆ ಹಚ್ಚಬೇಕಾದ ಬೆರಳನ್ನು ಬಾಯಿಗೆ ಹಾಕಿ ನೆಕ್ಕಿದರು. "ಇದು ಪೊಟ್ಟಣದ ಹಾಲು" ಎಂದರು. ಮನೆಯ ಸುತ್ತ ತೆಂಗು ಇಟ್ಟುಕೊಂಡು, ಕಾಯಿ ತುರಿಯಲು ಜನ ಸಿಗದೆ ಪೊಟ್ಟಣ ತರಿಸಿದ್ದ ಹುಡುಗಿಯ ಅಮ್ಮ ಒಳಗೆ ಹೋದವರು ಶಾಸ್ತ್ರ ಮುಗಿಯುವವರೆಗೆ ಹೊರಗೆ ಬರಲಿಲ್ಲ. ಇನ್ನೊಮ್ಮೆ, ಗಂಡ ತೀರಿಹೋದ ಒಬ್ಬಳ ಮನೆಯಲ್ಲಿ ತಿಂಗಳ ಪೂಜೆಯ ಊಟ. ಅವಳು ಕೈಯಾರೆ ಬಡಿಸುತ್ತಿದ್ದಾಗ, "ಮಾಂಸ ಒಳ್ಳೆಯದುಂಟು. ಕೆಡಿಸಿದ್ದು ನೀನು" ಎಂದರು.

ಇವನ್ನೆಲ್ಲ ಅವರು ಕೊಂಕಣಿಯಲ್ಲಿ ಹೇಳಿದ್ದು. ಕನ್ನಡಕ್ಕೆ ತರುವಾಗ ಸ್ವಲ್ಪ ಮೆತ್ತಗಾಗಿರಬಹುದು.

ಹೇಳಿದ್ದು ಸುಳ್ಳಾಗಿದ್ದರೆ ಹುಚ್ಚನೆಂದು ಬಿಟ್ಟುಬಿಡಬಹುದಿತ್ತು. ಪ್ರತಿ ಸಲವೂ ಸರಿಯಾಗಿರುತ್ತಿತ್ತು, ಅದೇ ಕಷ್ಟ. ಹಾಲು ಪೊಟ್ಟಣದ್ದೇ ಆಗಿರುತ್ತಿತ್ತು, ಮಾಂಸ ಕೆಟ್ಟೇ ಇರುತ್ತಿತ್ತು. ಅಂಥ ನಾಲಿಗೆಯನ್ನು ದೇವರು ಅಷ್ಟು ಸಣ್ಣ ಮನಸ್ಸಿನವರ ಬಾಯಲ್ಲಿ ಯಾಕೆ ಇಟ್ಟನೋ ನನಗೆ ಅರ್ಥವಾಗಿಲ್ಲ. ಅವರ ಹೆಂಡತಿ ಲಿಲ್ಲಿಬಾಯಿಗೆ ಮದುವೆಯಾದಂದಿನಿಂದ ಎರಡು ಹೊತ್ತೂ ಇದೇ ಪರೀಕ್ಷೆ. ಅವರೊಮ್ಮೆ ನನ್ನಲ್ಲಿ, "ಇವರು ನನ್ನ ಸಾರು ಚಂದ ಉಂಟು ಅಂತ ಹೇಳಿದ ದಿನ ಹಣೆ ಮುಟ್ಟಿ ನೋಡ್ತೇನೆ. ಜ್ವರ ಇರ್ತದೆ" ಎಂದಿದ್ದರು. ನಮ್ಮದು ಗಡಿಯ ಊರು, ಲಿಲ್ಲಿಬಾಯಿ ಕಲಿತದ್ದು ಮಲಯಾಳ ಶಾಲೆಯಲ್ಲಿ, ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ಆ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಈಗ ನಮ್ಮ ವೈನಿನ ವಿಷಯ. ಇಗರ್ಜಿಯ ಸುತ್ತ ಇರುವ ನಮ್ಮ ಮನೆಗಳಲ್ಲಿ ಭರಣಿ ಇಲ್ಲದ ಮನೆಯಿಲ್ಲ, ಕ್ರಿಸ್ಮಸ್ಸಿಗೆ ವೈನ್ ಇಳಿಸದ ಮನೆಯಿಲ್ಲ. ಹಾಗೆಂದು ದ್ರಾಕ್ಷಿ ಬೆಳೆಯುವ ಮನೆಯೂ ಇರಲಿಲ್ಲ. ಇಲ್ಲಿಯ ಮಳೆಗೆ ಬಳ್ಳಿ ನೆಟ್ಟರೆ ಎಲೆ ಚಪ್ಪರ ತುಂಬುತ್ತದೆ, ಹಣ್ಣಿನ ಸುದ್ದಿಯಿಲ್ಲ. ನಾಯ್ಮಾರ್ಮೂಲೆಯ ಮಾರ್ಕೆಟಿಗೆ ಪೆಟ್ಟಿಗೆಯಲ್ಲಿ ಬರುವ ಕಪ್ಪು ದ್ರಾಕ್ಷಿಯನ್ನೇ ಎಲ್ಲರೂ ತರುವುದು. ಅದಕ್ಕೆ ಸಕ್ಕರೆ, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ. ಬಣ್ಣ ಸಾಲದೆಂದು ಕಡೆಗೆ ಕರಟಿಸಿದ ಸಕ್ಕರೆ. ಶುಂಠಿಯದ್ದೋ ಗೇರುಹಣ್ಣಿನದ್ದೋ ಮಾಡುವ ಒಂದೆರಡು ಮನೆ ಬಿಟ್ಟರೆ ಎಲ್ಲರ ಮನೆಯದ್ದೂ ಒಂದೇ ರುಚಿ, ಒಂದೇ ಕಪ್ಪು. ಆದರೂ ಕ್ರಿಸ್ಮಸ್ಸಿನ ಮುಂಚಿನ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಹಿಂದಿನ ಹಾಲ್‌ನಲ್ಲಿ ಬಾಟಲಿಗಳಿಗೆ ನಂಬರು ಅಂಟಿಸಿ ಸ್ಪರ್ಧೆ ಮಾಡುತ್ತಿದ್ದೆವು. ಈಗ ಎಕ್ಸೈಸಿನವರು ಮನೆಯಲ್ಲಿ ಮಾಡುವುದೂ ತಪ್ಪು ಎಂದು ಹೇಳಿದ ಮೇಲೆ ಅದು ನಿಂತಿದೆ. ತೀರ್ಪು ಕೊಡುತ್ತಿದ್ದವರು ಪೊರ್ಬುಗಳು. ಅವರು ಸ್ವತಃ ಒಂದು ಲೋಟ ವೈನ್ ಮಾಡಿದವರಲ್ಲ. ಎಲ್ಲವನ್ನೂ ಬಕೆಟಿಗೆ ಉಗುಳಿ, "ಇದ್ದದ್ದರಲ್ಲಿ ಕಡಿಮೆ ಕೆಟ್ಟದ್ದು ಇದು" ಎಂದು ಒಂದು ನಂಬರು ಹೇಳುತ್ತಿದ್ದರು. ಆ ಕಡಿಮೆ ಕೆಟ್ಟದ್ದಕ್ಕಾಗಿ ನಾವು ಹೆಂಗಸರು ವರ್ಷವಿಡೀ ಬಡಿದಾಡುತ್ತಿದ್ದೆವು, ನಮಗೆ ನಾಚಿಕೆಯಾಗಬೇಕು.

ನಾನು ಆಗ ಹಾಲಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಬರುವ ಹಾಲಿಗೆ ಗಾಜಿನ ಕಡ್ಡಿ ಇಳಿಸಿ, ನೀರು ಬೆರೆಸಿದ್ದರೆ ತಿರುಗಿ ಕಳಿಸುವ ಕೆಲಸ. ಆ ಕೆಲಸಕ್ಕೆ ಬೇಕಾದದ್ದು ಕಡ್ಡಿಯಲ್ಲ, ಜನರ ನಂಬಿಕೆ. ನಾನು "ನೀರುಂಟು" ಎಂದರೆ ಉಂಟು ಎಂದು ಊರು ಒಪ್ಪುತ್ತಿತ್ತು.

ನಮ್ಮ ಆಚೆ ಮನೆ ನಫೀಸಾಳದ್ದು. ಅದು ಅವಳ ನಿಜವಾದ ಹೆಸರಲ್ಲ. ಬ್ಯಾರಿಗಳು, ಗಂಡ ಹಾಜಿ. ಹಾಜಿಯವರು ಸೌದಿಯ ತಾಯಿಫ್ ಎಂಬ ಗುಡ್ಡದ ಊರಿನಲ್ಲಿ ಅರಬನೊಬ್ಬನ ತೋಟ ನೋಡಿಕೊಳ್ಳುತ್ತಿದ್ದವರು, ಕೆಲಸ ಬಿಟ್ಟು ಬರುವಾಗ ಅಲ್ಲಿಯ ದ್ರಾಕ್ಷಿಯ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೂಟುಕೇಸಿನಲ್ಲಿ ತಂದರು. ತಾರಸಿಯ ಮೇಲೆ ತಗಡಿನ ಶೀಟಿನ ಕೆಳಗೆ ದೊಡ್ಡ ಡ್ರಮ್ಮಿನಲ್ಲಿ ನೆಟ್ಟರು. ಮೊದಲು ಬರೀ ಎಲೆ. ಆಮೇಲೆ ನಫೀಸಾಳ ಆಡು ಹೊರಗಿನ ಮೆಟ್ಟಿಲು ಹತ್ತುವುದನ್ನು ಕಲಿತಿತು. ಚಳಿ ಬೀಳುವ ಹೊತ್ತಿಗೆ ತಾರಸಿಗೆ ಹೋಗಿ ಇಡೀ ಬಳ್ಳಿಯನ್ನು ತಿಂದು ಬೋಳು ಮಾಡಿತು. ಹಾಜಿಯವರು ಬೈದುಕೊಂಡು ಉಳಿದ ಕಡ್ಡಿಗಳನ್ನು ಕತ್ತರಿಸಿ ಚೊಕ್ಕ ಮಾಡಿದರು. ಆ ವರ್ಷ ಎಪ್ರಿಲಿನಲ್ಲಿ ಹೊಸ ಚಿಗುರಿನ ತುಂಬ ಗೊಂಚಲು! ಸಣ್ಣ ಸಣ್ಣ ಹಣ್ಣು, ದಪ್ಪ ಸಿಪ್ಪೆ, ಕಪ್ಪಲ್ಲ, ಒಳ್ಳೆ ಕೆಂಪು. ಬೀಜ ಜಾಸ್ತಿ, ತಿನ್ನಲು ಅಷ್ಟಕ್ಕಷ್ಟೆ. ಮಕ್ಕಳು ಮೂಸಿ ನೋಡಿ ಬಿಟ್ಟರು. ನಫೀಸಾ ಒಂದು ಬಕೆಟ್ ತುಂಬಿಸಿ ನನ್ನ ಅಡುಗೆಮನೆಯ ಹಿಂಬಾಗಿಲಿಗೆ ತಂದಿಟ್ಟಳು.

"ನಿನಗೆ ಎಂತ ಮಾಡ್ಲಿಕ್ಕೆ ಗೊತ್ತುಂಟಾ ಅದು ಮಾಡು ಬಾಯಿ" ಎಂದಳು. "ಎಂತ ಮಾಡಿದೆ ಅಂತ ಮಾತ್ರ ನನ್ನತ್ರ ಹೇಳ್ಬೇಡ."

ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿದೆ. ಲವಂಗ ಹಾಕಲಿಲ್ಲ, ಸಕ್ಕರೆ ಕರಟಿಸಲಿಲ್ಲ. ಹಾಕುವುದಕ್ಕೆ ಯಾಕೋ ಮನಸ್ಸು ಬರಲಿಲ್ಲ. ಡಿಸೆಂಬರಿನಲ್ಲಿ ಸೋಸಿ ಲೋಟಕ್ಕೆ ಹಾಕಿದರೆ ಆಚೆಯ ಕಿಟಕಿ ಕಾಣುವಷ್ಟು ತಿಳಿ, ಪುನರ್ಪುಳಿಯ ಶರಬತ್ತಿನ ಹಾಗೆ ಕೆಂಪು. ಒಂದು ಗುಟುಕು ಕುಡಿದು ಅಡುಗೆಮನೆಯ ಮಣೆಯ ಮೇಲೆ ಕೂತುಬಿಟ್ಟೆ. ನನ್ನ ಕೈಯಲ್ಲಿ ಇಂಥದ್ದು ಆಗಿದೆಯೆಂದು ನನಗೇ ನಂಬಿಕೆಯಾಗಲಿಲ್ಲ. ಈ ಸಲ ಆ ಮನುಷ್ಯನ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡೆ.

ಸ್ಪರ್ಧೆಯ ದಿನ ಅವರು ಸಾಲಿನಲ್ಲಿ ಒಂದೊಂದಾಗಿ ರುಚಿ ನೋಡುತ್ತ, ಉಗುಳುತ್ತ ಬಂದರು. ನನ್ನ ಬಾಟಲಿಯದ್ದನ್ನು ಬಾಯಿಗೆ ಹಾಕಿಕೊಂಡರು. ಗಲ್ಲ ಉಬ್ಬಿತು, ಇಳಿಯಿತು. ಬಕೆಟಿನ ಕಡೆ ಬಗ್ಗಿದವರು ಹಾಗೆಯೇ ನಿಂತರು. ಆಮೇಲೆ ಅವರ ಗಂಟಲು ಮೇಲೆ ಕೆಳಗೆ ಆಡಿದ್ದನ್ನು ಹಾಲ್‌ನಲ್ಲಿದ್ದವರೆಲ್ಲ ನೋಡಿದರು. ನುಂಗಿದ್ದರು.

"ಈ ದ್ರಾಕ್ಷಿ ನಮ್ಮ ಕಡೆಯದ್ದಲ್ಲ" ಎಂದರು. "ಸಣ್ಣ ಹಣ್ಣು, ದಪ್ಪ ಸಿಪ್ಪೆ. ಒಣ ಬಿಸಿಲಿನ ದೇಶದ್ದು, ಅದೂ ಗುಡ್ಡದ ಮೇಲಿನದ್ದು. ಇಲ್ಲಿಗೆ ಇದು ಬರುವುದೇ ಇಲ್ಲ. ಯಾರೋ ಗೋವಾದ ಅಂಗಡಿಯಿಂದ ವಿದೇಶದ ಬಾಟಲಿ ತಂದು ಇದಕ್ಕೆ ಸುರಿದಿದ್ದಾರೆ. ಯಾರದ್ದಿದು?"

ಎದ್ದು ನಿಂತೆ. "ನನ್ನದು. ನಾನೇ ಮಾಡಿದ್ದು."

"ದ್ರಾಕ್ಷಿ ಎಲ್ಲಿಂದ ಬಂತು?"

ಇದಕ್ಕೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದೇ ವಾರ ಸೀತಾಂಗೋಳಿಯಲ್ಲಿ ಮದ್ಯದ ಅಂಗಡಿ ತೆರೆಯಬಾರದೆಂದು ಜನ ಚಪ್ಪರ ಹಾಕಿ ಕೂತಿದ್ದರು. ಚಪ್ಪರದ ಮುಂದಿನ ಕುರ್ಚಿಯಲ್ಲಿ ಕೂತಿದ್ದವರು ನಮ್ಮ ಹಾಜಿಯವರು. ಅವರ ತಾರಸಿಯ ಹಣ್ಣು ನನ್ನ ಭರಣಿಯಲ್ಲಿ ವೈನಾಗಿದೆ ಎಂದು ನಾನು ಆ ಹಾಲ್‌ನಲ್ಲಿ ಬಾಯಿ ಬಿಟ್ಟಿದ್ದರೆ ಸಂಜೆಯೊಳಗೆ ಜಂಕ್ಷನಿಗೆ ತಲುಪುತ್ತಿತ್ತು. ಹಾಜಿಯವರು ಜಮಾತಿನಲ್ಲಿ ತಲೆ ಎತ್ತುವ ಹಾಗಿರುತ್ತಿರಲಿಲ್ಲ, ನಫೀಸಾ ಹಾಜಿಯವರ ಮುಂದೆ ತಲೆ ಎತ್ತುವ ಹಾಗಿರುತ್ತಿರಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಸ್ಥಿತಿ ನನ್ನದು.

"ಅದನ್ನು ಹೇಳುವ ಹಾಗಿಲ್ಲ" ಎಂದೆ.

"ಹೇಳುವ ಹಾಗಿಲ್ಲ ಅಂದ್ರೆ ಹೇಳಿದ ಹಾಗೇ ಆಯ್ತು" ಎಂದು ಟವೆಲಿನಿಂದ ತುಟಿ ಒರೆಸಿಕೊಂಡು ಮುಂದಿನ ಬಾಟಲಿಗೆ ಹೋದರು. ಯಾರೋ ಕಿಸಕ್ಕನೆ ನಕ್ಕರು. ನಾನು ನನ್ನ ಬಾಟಲಿ ಎತ್ತಿಕೊಂಡು ಮನೆಗೆ ಬಂದೆ.

ಆ ಬುದ್ಧಿವಂತಿಕೆಯನ್ನು ಸ್ವಲ್ಪ ನೋಡಿ. ಒಂದು ಗುಟುಕಿನಲ್ಲಿ ಹಣ್ಣಿನ ಗಾತ್ರ ತಿಳಿಯಿತು, ಸಿಪ್ಪೆ ತಿಳಿಯಿತು, ದೇಶ ತಿಳಿಯಿತು, ಗುಡ್ಡ ತಿಳಿಯಿತು. ಎದುರು ನಿಂತ ಹೆಂಗಸು ಕಳ್ಳಿಯಲ್ಲ ಎಂಬುದು ಮಾತ್ರ ತಿಳಿಯಲಿಲ್ಲ. ಹಡಗಿನಲ್ಲಿ ಅದನ್ನು ಕಲಿಸುವುದಿಲ್ಲವೆಂದು ಕಾಣುತ್ತದೆ.

ಮರುದಿನ ನಾನು ಸೊಸೈಟಿಗೆ ಹೋಗುವ ಮೊದಲೇ ಸುದ್ದಿ ಹೋಗಿ ಕೂತಿತ್ತು. ಶೀನಪ್ಪ ಎಂಬವರ ಹಾಲನ್ನು ನಾನು ಆಗಾಗ ತಿರುಗಿ ಕಳಿಸುವುದಿತ್ತು. ಅವತ್ತೂ ಕಡ್ಡಿ ಇಳಿಸಿ, "ನೀರುಂಟು ಶೀನಪ್ಪಣ್ಣ" ಎಂದೆ.

"ಹೌದಾ ಬಾಯಮ್ಮ?" ಎಂದರು. "ನಿಮ್ಮ ಕಡ್ಡಿ ಎಲ್ಲಿಯದ್ದು, ಗೋವಾದ್ದಾ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಮೇಲೆ ನಾನು ಯಾರ ಹಾಲಿಗೆ ಏನು ಹೇಳಿದರೂ ಇನ್ನೊಬ್ಬರನ್ನು ಕರೆದು ನೋಡಿಸಬೇಕೆಂದು ಹಟ ಶುರುವಾಯಿತು. ವೈನಿಗೆ ಬೆರೆಸುವವಳು ನಮ್ಮ ಹಾಲಿಗೆ ಬೆರಕೆ ಎನ್ನುತ್ತಾಳಲ್ಲ ಎಂದರು. ತಿಂಗಳು ಕಳೆಯುವುದರೊಳಗೆ ಆಡಳಿತ ಮಂಡಳಿಯವರು ನನ್ನನ್ನು ಪರೀಕ್ಷೆಯ ಮೇಜಿನಿಂದ ಎಬ್ಬಿಸಿ, ಹಿಂದೆ ದನದ ಹಿಂಡಿ ತೂಗಿ ಕೊಡುವ ಕೋಣೆಗೆ ಹಾಕಿದರು. ಅಲ್ಲಿ ಹಿಂಡಿಯ ಧೂಳಿಗೆ ಕಣ್ಣು ಉರಿಯುತ್ತಿತ್ತು. ಧೂಳಿಗೇ ಎಂದು ಹೇಳಿಕೊಳ್ಳುತ್ತಿದ್ದೆ.

ನನ್ನ ಗಂಡ, "ಸತ್ಯ ಹೇಳಿ ಮುಗಿಸು ಮಾರಾಯ್ತಿ" ಎಂದರು. ನಫೀಸಾ ಹಿಂಬಾಗಿಲಿಗೆ ಬಂದು ನನ್ನ ಕೈ ಹಿಡಿದುಕೊಂಡು, "ನಾನೇ ಹಾಜಿಯವರತ್ರ ಹೇಳಿ ಬಿಡ್ತೇನೆ ಬಾಯಿ. ಅವ್ರು ನನ್ನನ್ನು ಎಂತ ಬೇಕಾದ್ರೂ ಮಾಡ್ಲಿ" ಎಂದಳು.

"ಬೇಡ. ನನ್ನದಾದ್ರೆ ನನ್ನೊಬ್ಬಳ ಮರ್ಯಾದೆ. ನೀನು ಬಾಯಿ ಬಿಟ್ರೆ ಎರಡು ಮನೆಯದ್ದು ಹೋಗ್ತದೆ" ಎಂದೆ. ದೊಡ್ಡ ಮಾತೇನೋ ಆಡಿದೆ. ಒಳಗೆ ಬಂದು, ಆ ಮನುಷ್ಯನ ನಾಲಿಗೆ ಬಿದ್ದು ಹೋಗಲಿ ಎಂದು ದೇವರ ಮುಂದೆ ನಿಂತು ಹೇಳಿದೆ. ಪ್ರಾರ್ಥನೆ ಎನ್ನುವುದಾದರೆ ಅನ್ನಿ.

ಮೇ ತಿಂಗಳಲ್ಲಿ ನಫೀಸಾಳ ಮಗಳ ಮದುವೆ. ಬ್ಯಾರಿಗಳಲ್ಲದ ನೆರೆಹೊರೆಯವರಿಗೆಂದು ಅಂಗಳದ ಒಂದು ಬದಿಯಲ್ಲಿ ಬೇರೆ ಮೇಜು ಹಾಕಿದ್ದರು. ನನ್ನ ಗ್ರಹಚಾರಕ್ಕೆ ಎದುರಿನ ಕುರ್ಚಿಯಲ್ಲಿ ಪೊರ್ಬುಗಳು. ಬಿರಿಯಾನಿಯ ಮಸಾಲೆ ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ಏನೋ ಗೊಣಗುತ್ತಿದ್ದರು. ಊಟ ಮುಗಿಯುವಾಗ ಹಾಜಿಯವರೇ ಒಂದು ತಟ್ಟೆ ಹಿಡಿದುಕೊಂಡು ಬಂದರು. ತಟ್ಟೆಯ ತುಂಬ ಆ ಕೆಂಪು ದ್ರಾಕ್ಷಿ.

"ತ್ಗೊಳ್ಳಿ ಪೊರ್ಬುಗಳೇ. ನಮ್ಮ ತಾರಸಿದ್ದು. ತಾಯಿಫಿನ ಬಳ್ಳಿ, ನಾನೇ ತಂದದ್ದು."

ಅವರು ಒಂದು ಹಣ್ಣು ಬಾಯಿಗೆ ಹಾಕಿಕೊಂಡರು. ಅಗಿಯುತ್ತಿದ್ದ ದವಡೆ ನಿಂತಿತು. ಕಣ್ಣೆತ್ತಿ ನನ್ನನ್ನು ನೋಡಿದರು.

"ಬಳ್ಳಿ ನೋಡ್ಬಹುದಾ?" ಎಂದು ಹಾಜಿಯವರನ್ನು ಕೇಳಿದರು.

ಇಬ್ಬರೂ ಹೊರಗಿನ ಮೆಟ್ಟಿಲು ಹತ್ತಿದರು. ನಾನು ಕೈ ತೊಳೆಯುವ ನೆಪದಲ್ಲಿ ಎದ್ದು ಅವರ ಹಿಂದೆ ಅರ್ಧ ಮೆಟ್ಟಿಲು ಹತ್ತಿ ಗೋಡೆಗೆ ಆತುಕೊಂಡು ನಿಂತೆ. ನಾಲಿಗೆಗೆ ನೆಂಟರಿಲ್ಲದವರು. ಮದುವೆಯ ಮನೆ, ಕೆಳಗೆ ಬೀಗರು, ಜಮಾತಿನವರು ಎಲ್ಲರೂ ಇದ್ದರು. ನಾನು ಇಷ್ಟು ತಿಂಗಳು ಹಿಂಡಿಯ ಧೂಳು ತಿಂದು ಉಳಿಸಿದ್ದನ್ನು ಇವರು ಒಂದೇ ಮಾತಿಗೆ ಸುಟ್ಟುಹಾಕುತ್ತಾರೆ ಎಂದುಕೊಂಡೆ.

ಮೇಲಿನಿಂದ ಹಾಜಿಯವರ ಧ್ವನಿ: "ಈ ಆಡಿನದ್ದೇ ಉಪದ್ರ. ಪ್ರತಿ ವರ್ಷ ಹತ್ತಿ ಬಂದು ಬೋಳು ಮಾಡಿ ಹಾಕ್ತದೆ."

"ಅದನ್ನು ಕಟ್ಟಿ ಹಾಕ್ಬೇಡಿ" ಎಂದರು ಪೊರ್ಬುಗಳು. "ಬೋಳಾದರೇ ಬಳ್ಳಿ ಕಾಯುವುದು. ಈ ಊರಿನಲ್ಲಿ ದ್ರಾಕ್ಷಿಯ ಕೆಲಸ ಗೊತ್ತಿರುವುದು ಅದಕ್ಕೆ ಒಂದಕ್ಕೇ."

"ಹಣ್ಣು ಹೇಗುಂಟು?"

"ಬೀಜ ಜಾಸ್ತಿ. ತಿನ್ನಲಿಕ್ಕೆ ಅಡ್ಡಿಯಿಲ್ಲ."

ಅಷ್ಟೆ. ಇಳಿದು ಬರುವಾಗ ಮೆಟ್ಟಿಲಿನಲ್ಲಿ ನನ್ನನ್ನು ದಾಟಿಕೊಂಡೇ ಹೋದರು. ತಪ್ಪಾಯಿತು ಎನ್ನಲು ಅಲ್ಲಿಗಿಂತ ಒಳ್ಳೆಯ ಜಾಗ ಬೇಕಿತ್ತೇ? ಬಾಯಿ ತೆರೆಯಲಿಲ್ಲ. ನನಗೆ ಮೊದಲು ಸಮಾಧಾನವಾಯಿತು, ಆಮೇಲೆ ಇನ್ನಷ್ಟು ಸಿಟ್ಟು ಬಂತು. ಗೊತ್ತಿಲ್ಲದೆ ಅವಮಾನ ಮಾಡಿದವರನ್ನು ಮರೆಯಬಹುದು. ಈಗ ಎಲ್ಲ ಗೊತ್ತಿದ್ದೂ ಆ ಮನುಷ್ಯ ದಿನವೂ ಸೊಸೈಟಿಯ ಮುಂದಿನಿಂದಲೇ ಟವೆಲು ಹಾಕಿಕೊಂಡು ಹೋಗುತ್ತಿದ್ದರು, ನಾನು ಹಿಂಡಿ ತೂಗುವುದನ್ನು ನೋಡುತ್ತಿದ್ದರು.

ಆ ವರ್ಷದ ಸ್ಪರ್ಧೆಗೆ ನಾನು ಬಾಟಲಿ ಇಡಲಿಲ್ಲ. ಹೋಗುವ ಮನಸ್ಸೂ ಇರಲಿಲ್ಲ, ಹೋಗದಿದ್ದರೆ ಕಳ್ಳಿ ಹೆದರಿದಳು ಎನ್ನುತ್ತಾರೆಂದು ಹೋಗಿ ಬಾಗಿಲ ಹತ್ತಿರ ನಿಂತಿದ್ದೆ. ಪೊರ್ಬುಗಳು ಮೊದಲ ಬಾಟಲಿಯನ್ನು ರುಚಿ ನೋಡಿ, "ಒಳ್ಳೆ ದ್ರಾಕ್ಷಿ" ಎಂದರು. ಅದು ಶುಂಠಿ ವೈನ್. ಮಾಡಿದವಳು ನಕ್ಕು, "ಅಂಕಲ್, ಶುಂಠಿ!" ಎಂದಳು. ಎರಡನೆಯದ್ದು ಗೇರುಹಣ್ಣಿನದ್ದು, ಅದರ ವಾಸನೆ ಬಾಗಿಲಿಗೇ ಬರುತ್ತಿತ್ತು. "ಅನನಾಸು" ಎಂದರು. ಮಕ್ಕಳಿಗೆಂದು ಮಾಡಿಟ್ಟಿದ್ದ ಪುನರ್ಪುಳಿಯ ಶರಬತ್ತನ್ನು ಯಾರೋ ತುಂಟರು ಲೋಟಕ್ಕೆ ಹಾಕಿ ಮುಂದೆ ಹಿಡಿದರು. ಅದನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಗಲ್ಲ ಉಬ್ಬಿಸಿ, "ಈ ಸಲದ್ದರಲ್ಲಿ ಉತ್ತಮ ವೈನ್ ಇದುವೇ" ಎಂದರು.

ಇಡೀ ಹಾಲ್ ನಗುವಿನಿಂದ ಹಾರಿಹೋಗುವುದೊಂದು ಬಾಕಿ. ಪೊಟ್ಟಣದ ಹಾಲಿನ ಮದುಮಗಳ ಅಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದರು. ನಗು ನಿಲ್ಲುವವರೆಗೆ ಪೊರ್ಬುಗಳು ಕಾದರು. ಆಮೇಲೆ ಟವೆಲನ್ನು ಮಡಚಿ ಮೇಜಿನ ಮೇಲಿಟ್ಟು, "ನನಗೆ ರುಚಿ ಗೊತ್ತಾಗುವುದಿಲ್ಲ. ನಾಲಿಗೆ ಸತ್ತಿದೆ. ಹೋದ ವರ್ಷವೇ ಸತ್ತಿತ್ತು, ಒಪ್ಪಿಕೊಳ್ಳಲಿಕ್ಕೆ ಮನಸ್ಸು ಬರಲಿಲ್ಲ. ಹೋದ ವರ್ಷ ನಾನು ಈ ಹಾಲ್‌ನಲ್ಲಿ ಹೇಳಿದ್ದು ಎಲ್ಲ ಸುಳ್ಳು" ಎಂದರು. ನನ್ನ ಕಡೆ ನೋಡದೆ ಹೊರಗೆ ನಡೆದರು.

ಮಾರನೆಯ ದಿನ ಶೀನಪ್ಪನವರು ಹಿಂಡಿಯ ಕೋಣೆಗೇ ಬಂದರು. "ಪೊರ್ಬುಗಳ ನಾಲಿಗೆ ಸತ್ತಿತ್ತಂತೆ ಬಾಯಮ್ಮ. ಸುಮ್ಮನೆ ನಿಮ್ಮ ಮರ್ಯಾದೆ ತೆಗೆದದ್ದು ಆ ಜನ. ನೀವು ಮೇಜಿಗೆ ಬನ್ನಿ ಮಾರಾಯ್ರೆ, ಈಗ ಇದ್ದಾನಲ್ಲ, ಅವನಿಗೆ ಕಡ್ಡಿ ಹಿಡಿಲಿಕ್ಕೇ ಗೊತ್ತಿಲ್ಲ" ಎಂದರು. ಹೊಸ ವರ್ಷಕ್ಕೆ ನಾನು ಮೇಜಿಗೆ ಬಂದೆ. ಬಂದ ದಿನವೇ ಶೀನಪ್ಪನವರ ಹಾಲು ತಿರುಗಿ ಕಳಿಸಿದೆ. ಅವರು ಕ್ಯಾನ್ ಎತ್ತಿಕೊಂಡು ಹೋದರು.

ಪೊರ್ಬುಗಳದ್ದು ಅಲ್ಲಿಂದ ಇಳಿಜಾರು. ಮೀನಿನವನು ಗಾಡಿ ಅವರ ಎದುರೇ ನಿಲ್ಲಿಸಿ ಕೆಟ್ಟದ್ದನ್ನು ಆರಿಸಿ ಕೊಡುತ್ತಿದ್ದ. ಜಂಕ್ಷನಿನ ಹೋಟೆಲಿನಲ್ಲಿ ಅವರ ಚಹಾಕ್ಕೆ ಉಪ್ಪು ಹಾಕಿ ಕೊಟ್ಟು ಹುಡುಗರು ಮುಖ ನೋಡುತ್ತಿದ್ದರು. ಅವರು ಪೂರ್ತಿ ಕುಡಿದು ಲೋಟ ಕೆಳಗಿಡುತ್ತಿದ್ದರಂತೆ. ನಾನು ಯಾರನ್ನೂ ತಡೆಯಲಿಲ್ಲ. ಬಿತ್ತಿದ್ದನ್ನು ಬೆಳೆಯಬೇಕಲ್ಲ. ಸುಳ್ಳು ಹೇಳಿ ಉಪಕಾರ ಮಾಡಲು ತಿಳಿದವರು ಸತ್ಯ ಹೇಳುವಾಗಲೂ ಒಂದು ಕ್ಷಣ ಯೋಚಿಸಬಹುದಿತ್ತು. ನನಗೆ ಧನ್ಯವಾದ ಹೇಳಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ, ಅವರಿಗೂ ನನ್ನ ಕ್ಷಮೆ ಬೇಕಿದ್ದಂತೆ ಕಾಣಲಿಲ್ಲ.

ಸುಖವಾದದ್ದು ಲಿಲ್ಲಿಬಾಯಿಗೆ. "ಈಗ ಎಂತ ಹಾಕಿದ್ರೂ ಊಟ ಮಾಡ್ತಾರೆ. ಉಪ್ಪಿಲ್ಲ, ಖಾರ ಜಾಸ್ತಿ ಎಂತದೂ ಇಲ್ಲ. ನಾಲಿಗೆ ಸತ್ತ ಮೇಲೆ ಮನುಷ್ಯ ಆದ್ರು" ಎಂದು ನಗುತ್ತಿದ್ದರು. ಮದುವೆಯಾದ ಮೇಲೆ ಮೊದಲ ಬಾರಿಗೆ ಅವರು ಅಡುಗೆ ಮಾಡುವಾಗ ಹಾಡುವುದನ್ನು ನಾನು ರಸ್ತೆಯಿಂದ ಕೇಳಿದೆ. ಹೆಂಡತಿಗೂ ನಿಜ ಹೇಳದೆ ಆ ಮನುಷ್ಯ ವರ್ಷಗಟ್ಟಲೆ ಆ ಸಾರು ಉಂಡರು. ಲಿಲ್ಲಿಬಾಯಿಯ ಸಾರು ನಾನೂ ಉಂಡಿದ್ದೇನೆ. ಅದು ಸಣ್ಣ ಶಿಕ್ಷೆಯಲ್ಲ.

ಹಾಜಿಯವರು ತೀರಿಹೋಗಿ ಕೆಲವು ವರ್ಷವಾಯಿತು. ಇದನ್ನು ಬರೆಯಲೇ ಎಂದು ನಫೀಸಾಳನ್ನು ಕೇಳಿದಾಗ, "ಬರಿ ಬಾಯಿ. ಇನ್ನು ನಾನು ಹೆದರುವುದು ಅಲ್ಲಾಹುವಿಗೆ ಮಾತ್ರ, ಅವನಿಗೆ ಮೊದಲೇ ಗೊತ್ತುಂಟು" ಎಂದಳು. ಬಕೆಟ್ ಈಗಲೂ ಹಿಂಬಾಗಿಲಿಗೆ ಬರುತ್ತದೆ, ಭರಣಿಗೆ ಈಗಲೂ ಬಟ್ಟೆ ಕಟ್ಟುತ್ತೇನೆ. ಅದು ಎಕ್ಸೈಸಿನವರಿಗೆ ತಿಳಿಯಬೇಕಾದ ವಿಷಯವಲ್ಲ.

ಹೋದ ತಿಂಗಳು ಪೊರ್ಬುಗಳು ಹಾಸಿಗೆ ಹಿಡಿದರೆಂದು ಕೇಳಿ, ಯಾಕೆಂದು ಈಗಲೂ ಹೇಳಲಾರೆ, ಒಂದು ಸಣ್ಣ ಶೀಶೆಯಲ್ಲಿ ಈ ವರ್ಷದ್ದನ್ನು ತೆಗೆದುಕೊಂಡು ಹೋದೆ. ಲಿಲ್ಲಿಬಾಯಿ ಅಡುಗೆಮನೆಯಲ್ಲಿದ್ದರು. ಪೊರ್ಬುಗಳು ಮಂಚದ ಮೇಲೆ ದಿಂಬಿಗೆ ಒರಗಿದ್ದರು, ಟವೆಲು ಎದೆಯ ಮೇಲಿತ್ತು. ಲೋಟ ಕೈಗೆ ಕೊಟ್ಟೆ. ಆಗಲೂ ಕಿಟಕಿಯ ಬೆಳಕಿಗೆ ಹಿಡಿದೇ ಹಿಡಿದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಒಣಗಿದ ಗಲ್ಲ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ಉಬ್ಬಿತು. ಉಗುಳಲಿಲ್ಲ, ನುಂಗಿದರು. ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿ ಹೇಳಿದರು:

"ಈ ಸಲ ಆಡು ತಡವಾಗಿ ತಿಂದಿದೆ."

ಹೌದು. ಹೋದ ಚಳಿಗಾಲದಲ್ಲಿ ಆಡು ಮರಿ ಹಾಕಿ ಕೆಳಗೆ ಕೊಟ್ಟಿಗೆಯಲ್ಲೇ ಇತ್ತು, ತಾರಸಿ ಹತ್ತಿದ್ದು ತಡವಾಗಿ. ಹಣ್ಣು ಆಗುವಾಗ ಮಳೆ ಹಿಡಿದಿತ್ತು, ರುಚಿ ತೆಳುವಾಗಿತ್ತು. ಅದು ನನಗೂ ನಫೀಸಾಳಿಗೂ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯುವ ಹಾಗಿರಲಿಲ್ಲ. ಸಾಯಲು ಮಲಗಿದವರು, ಮನೆಗೆ ಹುಡುಕಿಕೊಂಡು ಬಂದವಳಿಗೆ ಒಂದು ಒಳ್ಳೆಯ ಮಾತು ಹೇಳಬಾರದೇ? ಹೇಳಲಿಲ್ಲ. ಆಗಲೂ ಕೊಂಕೇ ತೆಗೆದರು, ಆಗಲೂ ಸರಿಯಾಗಿಯೇ ತೆಗೆದರು. ನನಗೆ ಅವರನ್ನು ಕಂಡರೆ ಆಗದಿದ್ದದ್ದು ಇದಕ್ಕೇ.

ಲಿಲ್ಲಿಬಾಯಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಎಂತ ಹೇಳಿದ್ರು?"

ಪೊರ್ಬುಗಳು ಕಣ್ಣು ಮುಚ್ಚಿಕೊಂಡಿದ್ದರು.

"ಎಂತ ಹೇಳುವುದು ಲಿಲ್ಲಿಬಾಯಿ" ಎಂದೆ. "ಎಂತದೂ ರುಚಿ ಗೊತ್ತಾಗುವುದಿಲ್ಲಂತೆ."